ನಿಮ್ಮ ಸಾರ್ವಕಾಲಿಕ ಹತ್ತು ಕನ್ನಡ ಸಿನಿಮಾ: ಹೆಸರಷ್ಟೇ ಸಾಲದು, ಯಾವ ಪ್ರತಿ ಅಂತಲೂ ಬರೀರಿ

ರೀಲುಡಬ್ಬಿ

ಮೆಚ್ಚಿನ ಸಿನಿಮಾ ಪಟ್ಟಿ ಅಂದ ಕೂಡಲೇ ಹತ್ತು ಹೆಸರು ಬರೆದು, ಅಣ್ಣಾವ್ರ ಕಡೆಯವರೂ ಸಾಹಸಸಿಂಹನ ಕಡೆಯವರೂ ಒಂದು ಸುತ್ತು ಜಗಳ ಆಡಿ ಮುಗಿಸೋದು ವಾಡಿಕೆ. ಇಲ್ಲಿ ಒಂದು ಷರತ್ತು ಇದೆ. ಯಾವ ಪ್ರತಿ ನೋಡಬೇಕು, ಅದು ಎಲ್ಲಿ ಕೆಟ್ಟಿರುತ್ತೆ, ಯಾಕೆ ಕೆಟ್ಟಿರುತ್ತೆ ಅಂತಲೂ ಬರೀಬೇಕು. ಮೇಲೆ ಕೆಳಗೆ ಕತ್ತರಿಸಿದ, ವೇಗ ಹೆಚ್ಚಿಸಿದ, ಎರಡು ಹಾಡು ಹಾರಿಸಿದ ಪ್ರತಿ ನೋಡಿ ‘ಇದರಲ್ಲಿ ಅಂಥದ್ದೇನಿದೆ’ ಅಂದರೆ ಅದು ಸಿನಿಮಾದ ತಪ್ಪಲ್ಲ.

ನನ್ನವು, ಯಾವ ಕ್ರಮವೂ ಇಲ್ಲದೆ:

ಘಟಶ್ರಾದ್ಧ (1977). ಗಿರೀಶ್ ಕಾಸರವಳ್ಳಿ ನಿರ್ದೇಶನ, ಅನಂತಮೂರ್ತಿ ಕಥೆ, ಎಸ್. ರಾಮಚಂದ್ರ ಛಾಯಾಗ್ರಹಣ, ಅತ್ಯುತ್ತಮ ಚಿತ್ರದ ರಾಷ್ಟ್ರಪ್ರಶಸ್ತಿ ಸ್ವರ್ಣಕಮಲ. ಫಿಲ್ಮ್ ಹೆರಿಟೇಜ್ ಫೌಂಡೇಶನ್ ಮತ್ತು ವರ್ಲ್ಡ್ ಸಿನಿಮಾ ಪ್ರಾಜೆಕ್ಟ್ ಸೇರಿ ಮೂಲ ಕ್ಯಾಮೆರಾ ನೆಗೆಟಿವ್‌ನಿಂದ ಪುನರುಜ್ಜೀವನ ಮಾಡಿದ ಪ್ರತಿ 2024ರಲ್ಲಿ ವೆನಿಸ್ ಉತ್ಸವದಲ್ಲಿ ಪ್ರದರ್ಶನ ಆಯ್ತು. ಚಿತ್ರೋತ್ಸವದಲ್ಲೋ ಫಿಲ್ಮ್ ಸೊಸೈಟಿಯಲ್ಲೋ ಅದು ಬಂದರೆ ಬಿಡಬೇಡಿ. ನೆಟ್‌ನಲ್ಲಿ ಓಡಾಡೋ ಹಳೇ ಟೀವಿ ಪ್ರತಿಯಲ್ಲಿ ರಾತ್ರಿಯ ದೃಶ್ಯಗಳೆಲ್ಲ ಬೂದು ಗಂಜಿ. ಹುಡುಗ ನಾಣಿಯ ಮುಖದ ಮೇಲೆ ಬೀಳೋ ಇಷ್ಟೇ ಇಷ್ಟು ಬೆಳಕು, ಅದರ ಸುತ್ತ ಪೂರ್ತಿ ಕತ್ತಲು: ಈ ಲೆಕ್ಕದ ಮೇಲೆ ನಿಂತಿರೋ ಚಿತ್ರ ಅದು. ಕಪ್ಪು ಕಪ್ಪಾಗಿ ಕಾಣದಿದ್ದರೆ ಹುಡುಗನ ಭಯ ನಮಗೆ ದಾಟೋದೇ ಇಲ್ಲ.

ಸಂಸ್ಕಾರ (1970). ಕನ್ನಡಕ್ಕೆ ಮೊದಲ ಸ್ವರ್ಣಕಮಲ. ಕ್ಯಾಮೆರಾ ಹಿಡಿದವರು ಆಸ್ಟ್ರೇಲಿಯಾದ ಟಾಮ್ ಕೋವನ್. ಹೊರಗಿನವರ ಕಣ್ಣು ಅಗ್ರಹಾರದ ಜಗುಲಿ, ಹೊಸ್ತಿಲು, ಬೀದಿಯನ್ನು ಎಷ್ಟು ಹೊತ್ತು ಸುಮ್ಮನೆ ನೋಡುತ್ತೆ ಅನ್ನೋದನ್ನ ಗಮನಿಸಿ.

ಹಂಸಗೀತೆ (1975), ಒಂದಾನೊಂದು ಕಾಲದಲ್ಲಿ (1978), ನಾಗರಹಾವು (1972), ಭೂತಯ್ಯನ ಮಗ ಅಯ್ಯು (1974), ಆಕ್ಸಿಡೆಂಟ್ (1985), ಪುಷ್ಪಕ ವಿಮಾನ (1987), ದ್ವೀಪ (2002), ತಿಥಿ. ಇವುಗಳ ಬಗ್ಗೆ ಬೇರೆಯವರು ಶುರು ಮಾಡಲಿ, ನಡುವೆ ಬಾಯಿ ಹಾಕ್ತೀನಿ.

ಒಂದು ಮಾತ್ರ ಈಗಲೇ. ಆಕ್ಸಿಡೆಂಟ್‌ನಲ್ಲಿ ಹಾಡಿಲ್ಲ, ಇಳಯರಾಜ ಹಿನ್ನೆಲೆ ಸಂಗೀತ ಮಾತ್ರ. ಹಾಡಿಲ್ಲದ ಚಿತ್ರವನ್ನು ಟೀವಿಯವರು ಜಾಹೀರಾತಿಗೆ ಕತ್ತರಿಸುವಾಗ ದೃಶ್ಯಕ್ಕೇ ಕೈ ಹಾಕ್ತಾರೆ, ಹಾರಿಸೋಕೆ ಹಾಡೇ ಇಲ್ಲವಲ್ಲ. ಹಾಗಾಗಿ ಟೀವಿಯಿಂದ ಇಳಿಸಿದ ಪ್ರತಿ ಬೇಡ.

ಬಾಲ್ಕನಿ ಟಿಕೆಟ್

ಹತ್ತರಲ್ಲಿ ಅಣ್ಣಾವ್ರದ್ದು ಒಂದೂ ಇಲ್ಲ! ಭೇಷ್ ಗುರೂ. ಬಂಗಾರದ ಮನುಷ್ಯ, ಕಸ್ತೂರಿ ನಿವಾಸ, ಸತ್ಯ ಹರಿಶ್ಚಂದ್ರ ಬಿಟ್ಟು ‘ಸಾರ್ವಕಾಲಿಕ’ ಅಂತ ಯಾವ ಬಾಯಲ್ಲಿ ಹೇಳ್ತೀರಿ? ಜೊತೆಗೆ ಓಂ (1995). ಇಷ್ಟು ಸಲ ಮರುಬಿಡುಗಡೆ ಆದ ಇನ್ನೊಂದು ಕನ್ನಡ ಚಿತ್ರ ತೋರಿಸಿ ನೋಡೋಣ.

ಪ್ರತಿ ವಿಚಾರ: ಕಸ್ತೂರಿ ನಿವಾಸದ ಬಣ್ಣದ ಪ್ರತಿ 2014ರಲ್ಲಿ ಬಂತು, ಸತ್ಯ ಹರಿಶ್ಚಂದ್ರ 2008ರಲ್ಲೇ ಬಣ್ಣ ಕಂಡಿತ್ತು. ಮಕ್ಕಳನ್ನ ಕೂರಿಸಿ ತೋರಿಸೋಕೆ ಬಣ್ಣದ್ದೇ ವಾಸಿ. ಕಪ್ಪುಬಿಳುಪು ಅಂದ ಕೂಡಲೇ ಎದ್ದು ಹೋಗ್ತಾರೆ.

ತುಂಗಾತೀರ

ಬಾಲ್ಕನಿಯವರೇ, ಅಣ್ಣಾವ್ರ ವಿಷಯದಲ್ಲಿ ನಿಮ್ಮ ಪರ, ಬಣ್ಣದ ವಿಷಯದಲ್ಲಿ ಇಲ್ಲ.

ಕಪ್ಪುಬಿಳುಪಿನಲ್ಲಿ ಛಾಯಾಗ್ರಾಹಕ ಪಾತ್ರವನ್ನು ಹಿನ್ನೆಲೆಯಿಂದ ಬಿಡಿಸೋದು ಬೆಳಕಿನಿಂದ. ತಲೆಯ ಹಿಂದಿನಿಂದ ಒಂದು ಬೆಳಕು, ಮುಖಕ್ಕೆ ಒಂದು, ಹಿಂದಿನ ಗೋಡೆ ಮುಖಕ್ಕಿಂತ ಒಂದೆರಡು ಹಂತ ಕೆಳಗೆ. ಬಣ್ಣ ತುಂಬುವಾಗ ಈ ಹಂತಗಳ ಮೇಲೆ ಒಂದು ಪದರ ಕೂರುತ್ತೆ. ಚರ್ಮಕ್ಕೆಲ್ಲ ಒಂದೇ ಕಂದು, ಗೋಡೆಗೆಲ್ಲ ಒಂದೇ ಹಳದಿ. ತಲೆಗೂದಲ ಅಂಚಿನ ಬಿಳಿ ಗೆರೆಗೆ ಬಣ್ಣ ಕೊಡೋಕಾಗಲ್ಲ, ಅದು ಬೆಳಕು ತಾನೇ, ವಸ್ತು ಅಲ್ಲ. ಬಿಟ್ಟರೆ ಕತ್ತರಿಸಿ ಅಂಟಿಸಿದ ಹಾಗೆ ಕಾಣುತ್ತೆ, ಬಳಿದರೆ ಬೆಳಕೇ ಮಾಯ.

ಬಣ್ಣದ ಪ್ರತಿಯೇ ಸಿಕ್ಕಿದ್ದರೆ ಟೀವಿ ಸೆಟ್ಟಿಂಗ್‌ನಲ್ಲಿ ‘ಕಲರ್’ ಸೊನ್ನೆಗೆ ಇಳಿಸಿ ನೋಡಬಹುದು. ಆದರೆ ಅದು ಮೂಲ ಪ್ರತಿ ಆಗಲ್ಲ. ಬಣ್ಣಕ್ಕೆ ಹೊಂದಲಿ ಅಂತ ಕಾಂಟ್ರಾಸ್ಟನ್ನೂ ಬದಲಿಸಿರ್ತಾರೆ, ಹಾಗಾಗಿ ನೆರಳು ತೆಳುವಾಗಿ ಬರುತ್ತೆ. ಬ್ರೈಟ್‌ನೆಸ್ ಎರಡು ಮೂರು ಅಂಕ ಇಳಿಸಿದರೆ ಸುಮಾರಾಗಿ ಸರಿಹೋಗುತ್ತೆ.

ಇನ್ನು ನಾಗರಹಾವು. 2018ರ ಜುಲೈನಲ್ಲಿ ಸಿನಿಮಾಸ್ಕೋಪ್ (ತುಂಬ ಅಗಲದ ಪರದೆ), 7.1 (ಎಂಟು ಚಾನೆಲ್) ಧ್ವನಿ ಅಂತ ಮರುಬಿಡುಗಡೆ ಆಯ್ತು. ದೊಡ್ಡ ಪರದೆಯಲ್ಲಿ ರಾಮಾಚಾರಿ ಬಂದಾಗ ಶಿಳ್ಳೆ ಹೊಡೆಯೋಕೆ ಅದು ಸರಿ. ಮೆಚ್ಚಿನ ಚಿತ್ರ ಅಂತ ಕೂತು ನೋಡೋಕೆ ಹಳೇ ಆಕಾರದ್ದೇ ಬೇಕು. ಲೆಕ್ಕ ನೋಡಿ: ಆ ಕಾಲದ 35 ಎಂಎಂ ಚೌಕಟ್ಟು ಎತ್ತರ 1 ಇದ್ದರೆ ಅಗಲ 1.37. ಸ್ಕೋಪ್ ಪರದೆ 2.35. ಎಳೆಯದೆ, ಪಕ್ಕ ಖಾಲಿ ಬಿಡದೆ ಪರದೆ ತುಂಬಿಸಬೇಕಾದರೆ ಎತ್ತರದಲ್ಲಿ ಹತ್ತಿರ ಹತ್ತಿರ 42% ಹೋಗುತ್ತೆ. ಮನೆಯ ಟೀವಿಯ 16:9ಕ್ಕೆ ತುಂಬಿಸಿದರೂ 23% ಖೋತಾ.

ಚಿತ್ರದುರ್ಗದ ಕೋಟೆ ಎತ್ತರದ ಜಾಗ. ಕೆಳಗೆ ಮನುಷ್ಯ, ಮೇಲೆ ಬಂಡೆ, ಅದರ ಮೇಲೆ ಆಕಾಶ ಅಂತ ಶಾಟ್ ಕಟ್ಟಿದ್ದಾರೆ. ಮೇಲಿನದು ಹೋದರೆ ಬಂಡೆಯ ಭಾರವೇ ಇರಲ್ಲ. ಕೊನೆಯಲ್ಲಿ ಚಾಮಯ್ಯ ಮೇಷ್ಟ್ರು, ರಾಮಾಚಾರಿ ಬೆಟ್ಟದ ಅಂಚಿನಲ್ಲಿ ಎದುರುಬದುರು ನಿಂತಾಗ ಕಾಲ ಕೆಳಗಿನ ಆಳ ಕಾಣಬೇಕು. ಸೊಂಟದ ಹತ್ತಿರ ಫ್ರೇಮ್ ಮುಗಿದುಬಿಟ್ಟರೆ ಪುಟ್ಟಣ್ಣನವರು ಅಷ್ಟು ಎತ್ತರಕ್ಕೆ ಕ್ಯಾಮೆರಾ ಹೊತ್ತದ್ದು ಯಾತಕ್ಕೆ?

ಕತ್ತರಿ ಬಿದ್ದಿದೆಯಾ ಅಂತ ಪತ್ತೆ ಮಾಡೋದು ಸುಲಭ. ಕನ್ನಡದ ಮೊದಲ ಸಿನಿಮಾಸ್ಕೋಪ್ ಚಿತ್ರ ಸೊಸೆ ತಂದ ಸೌಭಾಗ್ಯ, 1977. ಅದಕ್ಕಿಂತ ಹಿಂದಿನ ಯಾವುದೇ ಕನ್ನಡ ಚಿತ್ರ ಸ್ಕೋಪ್ ಅಗಲದಲ್ಲಿ ತುಂಬಿ ನಿಂತಿದ್ದರೆ ಕತ್ತರಿಸಿದ್ದಾರೆ, ಇಲ್ಲ ಎಳೆದಿದ್ದಾರೆ. ಎಳೆದಿದ್ದರೆ ಹಣೆಯ ಕುಂಕುಮ, ಬಂಡಿಯ ಚಕ್ರ ಮೊಟ್ಟೆ ಆಕಾರಕ್ಕೆ ತಿರುಗಿರುತ್ತೆ. ಕತ್ತರಿಸಿದ್ದರೆ ಆರಂಭದ ಹೆಸರುಗಳ ಮೊದಲ ಸಾಲು ಅರ್ಧ ಹಾರಿರುತ್ತೆ, ಹತ್ತಿರದ ಶಾಟ್‌ಗಳಲ್ಲಿ ತಲೆ ಬೋಳಿಸಿದಂತೆ ಹಣೆಗೇ ಫ್ರೇಮ್ ಮುಗಿಯುತ್ತೆ.

ಹುಬ್ಬಳ್ಳಿ ಮಂದಿ

ಚರ್ಚಾ ಚೊಲೋ ನಡದೈತ್ರಿ. ನನ್ನ ಪಟ್ಟಿಯೊಳಗ ಚೋಮನ ದುಡಿ, ಕಾಡು, ತಬರನ ಕಥೆ ಬರ್ತಾವ. ಆದ್ರ ಒಂದ್ ಪ್ರಶ್ನೆ: ನೆಟ್‌ನ್ಯಾಗ ಒಂದ ಸಿನಿಮಾ ಒಂದ್ ಕಡೆ 132 ನಿಮಿಷ, ಇನ್ನೊಂದ್ ಕಡೆ 140, ಮತ್ತೊಂದ್ ಕಡೆ 146 ಇರ್ತದ. ಖರೇ ಉದ್ದ ಎಷ್ಟಂತ ಹ್ಯಾಂಗ್ ತಿಳೀಬೇಕ್ರೀ?

ರೀಲುಡಬ್ಬಿ

ಸೆನ್ಸಾರ್ ಸರ್ಟಿಫಿಕೇಟ್ ನೋಡಿ ಸರ್. ಚಿತ್ರದ ಮೊದಲಲ್ಲಿ ಹತ್ತು ಸೆಕೆಂಡ್ ಬರುತ್ತಲ್ಲ, ಅಲ್ಲಿ ಪಾಸ್ ಮಾಡಿ. ರೀಲುಗಳ ಸಂಖ್ಯೆ, ಮೀಟರ್‌ನಲ್ಲಿ ಉದ್ದ ಬರೆದಿರುತ್ತೆ. 35 ಎಂಎಂ ಫಿಲ್ಮ್ ನಿಮಿಷಕ್ಕೆ 90 ಅಡಿ ಓಡುತ್ತೆ, ಅಂದರೆ 27.4 ಮೀಟರ್. ಮೀಟರ್ ಸಂಖ್ಯೆಯನ್ನು 27.4ರಿಂದ ಭಾಗಿಸಿದರೆ ನಿಮಿಷ ಸಿಗುತ್ತೆ. 4000 ಮೀಟರ್ ಇದ್ದರೆ 146 ನಿಮಿಷ. 16 ಎಂಎಂ ಅಂತ ಇದ್ದರೆ 11ರಿಂದ ಭಾಗಿಸಿ.

ನೀವು ಕೊಟ್ಟ ಮೂರು ಸಂಖ್ಯೆಗಳನ್ನೇ ತಗೊಳ್ಳೋಣ. ಸರ್ಟಿಫಿಕೇಟ್ ಪ್ರಕಾರ 146 ಬರಬೇಕು ಅಂದುಕೊಳ್ಳಿ.

140 ನಿಮಿಷದ್ದು: 140 ಭಾಗಿಸು 146, ಸುಮಾರು 0.96. ಈ ಸಂಖ್ಯೆ ಬಂದರೆ ಕತ್ತರಿ ಬಿದ್ದಿರೋ ಸಂಭವ ಕಡಿಮೆ, ಚಿತ್ರ ವೇಗವಾಗಿ ಓಡ್ತಿದೆ. ಸೆಕೆಂಡಿಗೆ 24 ಫ್ರೇಮಿನ ಫಿಲ್ಮನ್ನು 25 ಫ್ರೇಮಿನ ಪಾಲ್ (ನಮ್ಮ ಹಳೇ ಟೀವಿ ಪದ್ಧತಿ) ವಿಡಿಯೋಗೆ ಒಂದಕ್ಕೊಂದು ಇಳಿಸಿದಾಗ ಹೀಗಾಗುತ್ತೆ. ವಿಸಿಡಿ ಕಾಲದ ಪ್ರತಿಗಳಲ್ಲಿ ಇದು ಮಾಮೂಲು.

132 ನಿಮಿಷದ್ದು: ವೇಗದ ಲೆಕ್ಕಕ್ಕೆ ಹೊಂದಲ್ಲ. 14 ನಿಮಿಷ ಎಲ್ಲೋ ಹೋಗಿದೆ. ಎಲ್ಲಿ ಅಂತ ಹುಡುಕೋಕೆ ಚಿತ್ರ ತಟಕ್ಕನೆ ಜಿಗಿಯೋ ಜಾಗಗಳ, ಅಂದರೆ ಜಂಪ್‌ಗಳ ಸಮಯ ಬರೆದುಕೊಳ್ಳಿ. 1000 ಅಡಿ ರೀಲು 11 ನಿಮಿಷಕ್ಕೆ ಮುಗಿಯುತ್ತೆ, ಎರಡನ್ನು ಸೇರಿಸಿದ 2000 ಅಡಿಯದು 22ಕ್ಕೆ. ಜಂಪ್‌ಗಳು ಸುಮಾರು 11, 22, 33 ಹೀಗೆ ಬರ್ತಿದ್ದರೆ ಅದು ಪ್ರಿಂಟ್ ಸವೆತ. ಪ್ರೊಜೆಕ್ಟರ್‌ಗೆ ಪೋಣಿಸುವಾಗ, ಬಿಚ್ಚುವಾಗ ರೀಲಿನ ತುದಿಗಳೇ ಹರಿಯೋದು. ಹರಿದಲ್ಲಿ ಕತ್ತರಿಸಿ ಅಂಟಿಸಿದಾಗ ಪ್ರತಿ ಸಲ ಒಂದೆರಡು ಫ್ರೇಮ್ ಹೋಗುತ್ತೆ. ಓಂನಂಥ ಚಿತ್ರದ ಚೆನ್ನಾಗಿ ಓಡಿದ ಪ್ರಿಂಟ್‌ಗಳಲ್ಲಿ ರೀಲು ಕೊನೆಯ ಮಾತು ಅರ್ಧಕ್ಕೆ ನಿಲ್ಲೋದು ಇದರಿಂದಲೇ. ಬಲ ಮೇಲಿನ ಮೂಲೆಯಲ್ಲಿ ದುಂಡನೆಯ ಚುಕ್ಕೆ ಮಿಂಚಿದ್ದು ಕಂಡರೆ ಅಲ್ಲೇ ರೀಲು ಬದಲಾಗಿದೆ ಅಂತ ಅರ್ಥ. ಮೊದಲ ಚುಕ್ಕೆ ರೀಲು ಮುಗಿಯೋಕೆ ಸುಮಾರು 8 ಸೆಕೆಂಡ್ ಮುಂಚೆ ಬರುತ್ತೆ, ಎರಡನೇದು ಹೆಚ್ಚೂಕಡಿಮೆ 1 ಸೆಕೆಂಡ್ ಮುಂಚೆ.

ರೀಲಿನ ಲೆಕ್ಕಕ್ಕೆ ಸಿಗದ ಜಂಪ್ ಆದರೆ ಟೀವಿಯವರದ್ದೋ, ಅಪ್‌ಲೋಡ್ ಮಾಡಿದವರದ್ದೋ ಕೆಲಸ.

ಸರ್ಟಿಫಿಕೇಟ್‌ನಲ್ಲಿ ಇನ್ನೂ ಎರಡು ಸುಳಿವು. ಕೆಳಗೆ ಎಡ ಮೂಲೆಯಲ್ಲಿ ತ್ರಿಕೋನ ಇದ್ದರೆ ಸೆನ್ಸಾರ್‌ನವರು ಕೆಲವು ಭಾಗ ತೆಗೆಸಿದ್ದಾರೆ. ಯು/ಎ ದರ್ಜೆ ಶುರುವಾದದ್ದು 1983ರಲ್ಲಿ, ಹಾಗಾಗಿ 1983ಕ್ಕಿಂತ ಹಳೇ ಚಿತ್ರಕ್ಕೆ ಯು/ಎ ಇದ್ದರೆ ಅದು ಆಮೇಲೆ ಮತ್ತೆ ಸರ್ಟಿಫಿಕೇಟ್ ಪಡೆದ ಪ್ರತಿ. ಅದರ ಮೀಟರ್ ಸಂಖ್ಯೆಯನ್ನು ಮೂಲದ್ದು ಅಂತ ನಂಬಬೇಡಿ.

ಶ್ರುತಿಪೆಟ್ಟಿಗೆ

ರೀಲುಡಬ್ಬಿಯವರ ವೇಗದ ಲೆಕ್ಕ ಹಂಸಗೀತೆಗೆ ಎಷ್ಟು ಮುಖ್ಯ ಅಂತ ಹೇಳ್ತೀನಿ. ಜಿ.ವಿ. ಅಯ್ಯರ್ ನಿರ್ದೇಶನ, ತ.ರಾ.ಸು. ಕಾದಂಬರಿ, ಬಾಲಮುರಳಿಕೃಷ್ಣರ ಗಾಯನ. ಅದಕ್ಕೆ ಅವರಿಗೆ ರಾಷ್ಟ್ರಪ್ರಶಸ್ತಿ ಬಂತು. ಚಿತ್ರಕ್ಕೆ ಸಂಗೀತವೇ ಜೀವ. 24ರದ್ದನ್ನು 25ರಲ್ಲಿ ಓಡಿಸಿದರೆ ಧ್ವನಿಯೂ ಅಷ್ಟೇ ಏರುತ್ತೆ, ಹಾರ್ಮೋನಿಯಂನ ಎರಡು ಅಕ್ಕಪಕ್ಕದ ಕೀಗಳ ನಡುವಿನ ಅಂತರದ ಸುಮಾರು 70%. ಕೇಳೋದಕ್ಕೆ ಅಪಸ್ವರ ಅನ್ನಿಸಲ್ಲ, ಯಾಕೆಂದರೆ ತಂಬೂರಿಯೂ ಜೊತೆಗೇ ಏರಿರುತ್ತೆ. ಆದರೆ ದನಿಯ ಮಂದ್ರದ ತೂಕ ಹೋಗುತ್ತೆ, ಗಮಕಗಳು ಚಡಪಡಿಸಿದಂತೆ ಕೇಳುತ್ತವೆ, ಅನಂತನಾಗ್ ಮಾತಾಡಿದರೆ ಹುಡುಗನ ದನಿ.

ಸರಿಮಾಡೋ ವಿಧಾನ, ಕಂಪ್ಯೂಟರಿನ ವಿಡಿಯೋ ಪ್ಲೇಯರ್ ವಿಎಲ್‌ಸಿಯಲ್ಲಿ:

ಮೊದಲು ಪ್ರಿಫರೆನ್ಸಸ್‌ನ ಆಡಿಯೋ ಭಾಗದಲ್ಲಿ ‘ಟೈಮ್ ಸ್ಟ್ರೆಚಿಂಗ್’ ಅಂತ ಇದೆ, ಅದರ ಟಿಕ್ ತೆಗೆಯಿರಿ. ಇದನ್ನೇ ಎಲ್ಲರೂ ಮರೆಯೋದು. ಟಿಕ್ ಇದ್ದರೆ ವೇಗ ಇಳಿದರೂ ಶ್ರುತಿ ಇಳಿಯಲ್ಲ, ಮಾಡಿದ ಕೆಲಸ ದಂಡ. ಆಮೇಲೆ ವ್ಯೂ ಮೆನುವಿನಲ್ಲಿ ಸ್ಟೇಟಸ್ ಬಾರ್ ಆನ್ ಮಾಡಿ, ಕೆಳಗೆ 1.00 ಅಂತ ಕಾಣೋದರ ಮೇಲೆ ಒತ್ತಿ, 0.96ಕ್ಕೆ ಎಳೆಯಿರಿ. ಕೀಬೋರ್ಡ್‌ನ ಬ್ರಾಕೆಟ್ ಕೀಗಳಿಂದ 0.1ರ ಹೆಜ್ಜೆಯಲ್ಲೇ ಬದಲಾಗೋದು, ಅದು ಇಲ್ಲಿಗೆ ಆಗಲ್ಲ.

ಸಬ್‌ಟೈಟಲ್ ಬೇರೆ ಫೈಲ್ ಆಗಿದ್ದರೆ ಅದು ಯಾವ ವೇಗದ ಪ್ರತಿಗೆ ಮಾಡಿದ್ದು ನೋಡಿ. 24ರದ್ದನ್ನು 25ರ ಚಿತ್ರಕ್ಕೆ ಹಾಕಿದರೆ ಗಂಟೆಗೆ ಸುಮಾರು ಎರಡೂವರೆ ನಿಮಿಷ ಹಿಂದೆ ಬೀಳುತ್ತೆ. ಜಿ, ಎಚ್ ಕೀ ಒತ್ತಿ ಎಷ್ಟು ಸರಿಸಿದರೂ ಐದು ನಿಮಿಷದಲ್ಲಿ ಮತ್ತೆ ತಪ್ಪುತ್ತೆ. ಆ ಕೀಗಳು ಉದ್ದಕ್ಕೂ ಒಂದೇ ಅಂತರ ತಪ್ಪಿದ್ದಕ್ಕೆ ಮಾತ್ರ.

ಹಳೇ ಡಿಸ್ಕ್‌ಗಳಲ್ಲಿ ತಲೆ ಅಲ್ಲಾಡಿದಾಗ ಅಂಚು ಬಾಚಣಿಗೆ ಹಲ್ಲಿನ ಹಾಗೆ ಹರಿದರೆ ವಿಡಿಯೋ ಮೆನುವಿನಲ್ಲಿ ‘ಡಿಇಂಟರ್‌ಲೇಸ್’ ಆನ್ ಮಾಡಿ, ‘ಯಾಡಿಫ್’ ಆರಿಸಿ.

ಬಾಲ್ಕನಿ ಟಿಕೆಟ್

ಸಿನಿಮಾ ನೋಡೋಕೆ ಇಂಜಿನಿಯರಿಂಗ್ ಓದ್ಬೇಕಲ್ಲಪ್ಪಾ. ಇರಲಿ, ಒಂದು ಕೇಳ್ತೀನಿ: ಪುಷ್ಪಕ ವಿಮಾನ ಕನ್ನಡ ಚಿತ್ರ ಹೆಂಗೆ? ಮಾತೇ ಇಲ್ವಲ್ಲ.

ರೀಲುಡಬ್ಬಿ

ನಿರ್ಮಾಪಕರು ನಮ್ಮ ಶೃಂಗಾರ್ ನಾಗರಾಜ್, ಕ್ಯಾಮೆರಾ ಬಿ.ಸಿ. ಗೌರಿಶಂಕರ್, ನಡೆಯೋದು ಬೆಂಗಳೂರಲ್ಲಿ, ಹೋಟೆಲ್ ಅಂದರೆ ವಿಂಡ್ಸರ್ ಮ್ಯಾನರ್. ಇಷ್ಟು ಸಾಲದೇ? ತಮಿಳಿನಲ್ಲಿ ಪೇಸುಂ ಪಡಂ, ಹಿಂದಿಯಲ್ಲಿ ಪುಷ್ಪಕ್ ಅಂತ ಹೋಯ್ತು, ಚಿತ್ರ ಅದೇ. ಹುಡುಕುವಾಗ ಎಲ್ಲ ಹೆಸರಲ್ಲೂ ಹುಡುಕಿ, ಚೆನ್ನಾಗಿರೋ ಪ್ರತಿ ಬೇರೆ ಹೆಸರಲ್ಲಿ ಸಿಗಬಹುದು.

ಮಾತಿಲ್ಲ ಅಂತ ಧ್ವನಿ ಬೇಡ ಅಂದುಕೊಂಡು ವಾಲ್ಯೂಮ್ ಇಳಿಸಿ ನೋಡೋದು ಈ ಚಿತ್ರಕ್ಕೆ ಮಾಡೋ ದೊಡ್ಡ ಅನ್ಯಾಯ. ವಠಾರದ ಗಲಾಟೆಯಲ್ಲೇ ಮಲಗಿ ರೂಢಿಯಾದವನಿಗೆ ಹೋಟೆಲ್‌ನ ಮೆತ್ತನೆ ಹಾಸಿಗೆಯಲ್ಲಿ ನಿದ್ದೆ ಬರಲ್ಲ. ಹೋಗಿ ಆ ಗಲಾಟೆಯನ್ನೇ ಟೇಪಿಗೆ ತುಂಬಿಕೊಂಡು ಬಂದು ಹಾಕಿಕೊಂಡು ಮಲಗ್ತಾನೆ. ಮೊದಲು ಹೋಟೆಲ್ ಕೋಣೆಯ ನಿಶ್ಶಬ್ದ, ಆಮೇಲೆ ಟೇಪಿನ ಗದ್ದಲ: ಈ ಏರಿಳಿತವೇ ನಗು. ಟೀವಿಯ ‘ಆಟೋ ವಾಲ್ಯೂಮ್’ ಆನ್ ಇದ್ದರೆ ಎರಡೂ ಒಂದೇ ಮಟ್ಟಕ್ಕೆ ಬಂದು ಜೋಕ್ ಸತ್ತುಹೋಗುತ್ತೆ. ಆಫ್ ಮಾಡಿ. ಸೌಂಡ್‌ಬಾರ್‌ನ ನೈಟ್ ಮೋಡ್ ಕೂಡ ಅದನ್ನೇ ಮಾಡುತ್ತೆ.

ಕುಡ್ಲದ ಕಣ್ಣು

ಟೀವಿ ಸೆಟ್ಟಿಂಗ್ ಮಾತು ಬಂತಲ್ಲ ಮಾರಾಯ್ರೆ, ಅದನ್ನೂ ಸ್ವಲ್ಪ ಹೇಳುವ. ಹೊಸ ಟೀವಿಗಳು ಎರಡು ಫ್ರೇಮಿನ ನಡುವೆ ತಾವೇ ಒಂದು ಫ್ರೇಮ್ ಹುಟ್ಟಿಸ್ತವೆ. ಸ್ಯಾಮ್‌ಸಂಗ್‌ನಲ್ಲಿ ಆಟೋ ಮೋಷನ್ ಪ್ಲಸ್, ಎಲ್‌ಜಿಯಲ್ಲಿ ಟ್ರೂಮೋಷನ್, ಸೋನಿಯಲ್ಲಿ ಮೋಷನ್‌ಫ್ಲೋ. ಎಲ್ಲ ಆಫ್ ಮಾಡಿ, ಇಲ್ಲದಿದ್ದರೆ ದ್ವೀಪದ ಮಳೆ ಧಾರಾವಾಹಿಯ ಮಳೆ ಆಗ್ತದೆ. ಎಚ್.ಎಂ. ರಾಮಚಂದ್ರರಿಗೆ ಛಾಯಾಗ್ರಹಣಕ್ಕೆ ರಾಷ್ಟ್ರಪ್ರಶಸ್ತಿ ಬಂದ ಚಿತ್ರ ಅದು. ನಾಯ್ಸ್ ರಿಡಕ್ಷನ್ ಕೂಡ ಆಫ್. ಅದಕ್ಕೆ ಫಿಲ್ಮಿನ ಕಣಕ್ಕೂ ತೆಳು ಮಳೆಗೂ ವ್ಯತ್ಯಾಸ ಗೊತ್ತಿಲ್ಲ, ಎರಡನ್ನೂ ಒರೆಸಿಬಿಡ್ತದೆ. ಕಲರ್ ಟೆಂಪರೇಚರ್ ವಾರ್ಮ್‌ಗೆ ಇಡಿ. ಕೂಲ್‌ನಲ್ಲಿ ಕಪ್ಪುಬಿಳುಪು ನೀಲಿ ಕಾಣ್ತದೆ. ಲೂಸಿಯಾ (2013) ನೋಡುವವರಿಗೆ ಇದು ಮುಖ್ಯ, ಒಂದು ಬದುಕು ಬಣ್ಣದಲ್ಲಿ, ಇನ್ನೊಂದು ಕಪ್ಪುಬಿಳುಪಿನಲ್ಲಿ ಅಂತ ಕಥೆಯೇ ಹಾಗೆ ಉಂಟು.

ನನ್ನ ಪಟ್ಟಿಗೆ ಉಳಿದವರು ಕಂಡಂತೆ (2014) ಬೇಕೇ ಬೇಕು. ಡಬ್ಬಿಂಗ್ ಅಲ್ಲ, ಚಿತ್ರೀಕರಣದ ಜಾಗದಲ್ಲೇ ಹಿಡಿದ ಧ್ವನಿ. ಮಲ್ಪೆಯ ಗಾಳಿ, ಸಮುದ್ರ, ಮೀನು ಮಾರುಕಟ್ಟೆ ಎಲ್ಲ ಮಾತಿನ ಹಿಂದೆಯೇ ಉಂಟು. ‘ಡೈಲಾಗ್ ಕೇಳುವುದಿಲ್ಲ’ ಎಂದು ತುಂಬ ಜನ ಹೇಳುವುದು 5.1, ಅಂದರೆ ಆರು ಚಾನೆಲಿನ, ಟ್ರ್ಯಾಕನ್ನು ಟೀವಿಯ ಎರಡು ಸ್ಪೀಕರಿನಲ್ಲಿ ಕೇಳುವುದರಿಂದ. ಮಾತು ನಡುವಿನ ಚಾನೆಲ್‌ನಲ್ಲಿ ಇರ್ತದೆ, ಎರಡಕ್ಕೆ ಇಳಿಸುವಾಗ ಸುತ್ತಲಿನ ಶಬ್ದ ಅದರ ಮೇಲೆ ಬಂದು ಕೂರ್ತದೆ. ಸ್ಟೀರಿಯೋ ಟ್ರ್ಯಾಕ್ ಇದ್ದರೆ ಅದನ್ನೇ ಆರಿಸಿ. ಹೋಮ್ ಥಿಯೇಟರ್ ಇದ್ದವರು ಸೆಂಟರ್ ಸ್ಪೀಕರ್ 3 ಡೆಸಿಬೆಲ್ ಏರಿಸಿದರೆ ಸಾಕು.

ತುಂಗಾತೀರ

ಹಳೇ ಮೋನೋ, ಅಂದರೆ ಒಂದೇ ಚಾನೆಲ್ ಧ್ವನಿಯ, ಚಿತ್ರಗಳಿಗೆ ಇದರ ಉಲ್ಟಾ. ಸರೌಂಡ್, ತ್ರೀಡಿ ಸೌಂಡ್ ಎಲ್ಲ ಆಫ್. ಆ ಕಾಲದ ಥಿಯೇಟರ್ ವ್ಯವಸ್ಥೆ ಮೇಲಿನ ಕಂಪನಗಳನ್ನು, ಮುಖ್ಯವಾಗಿ 8 ಕಿಲೋಹರ್ಟ್ಜ್ ಆಸುಪಾಸಿನದ್ದನ್ನು, ತಗ್ಗಿಸಿಯೇ ಕೇಳಿಸ್ತಿತ್ತು. ನಾವು ಈಗ ತಗ್ಗಿಸದೆ ಕೇಳಿದಾಗ ಉಸ್ಸ್ ಅನ್ನೋ ಸದ್ದು ಜಾಸ್ತಿ. ಟ್ರೆಬಲ್ 3-4 ಡೆಸಿಬೆಲ್ ಇಳಿಸಿ, ಅಷ್ಟೇ. ಸಾಫ್ಟ್‌ವೇರ್‌ನಲ್ಲಿ ಉಸ್ಸನ್ನು ಪೂರ್ತಿ ಒರೆಸಿದ ಪ್ರತಿಗಳಲ್ಲಿ ಸ, ಶ, ಷ ಮೂರೂ ಒಂದೇ ಆಗಿಬಿಡುತ್ತೆ. ಕಲ್ಪನಾ ಮಾತಿನ ಚಿತ್ರಕ್ಕೆ ಅದು ನಷ್ಟ.

ಮಂಡ್ಯ ಎಕ್ಸ್‌ಪ್ರೆಸ್

ತಿಥಿ ಬಗ್ಗೆ ಯಾರೂ ಬಾಯ್ಬಿಡ್ತಿಲ್ವಲ್ಲಣ್ಣ. ರಾಮ್ ರೆಡ್ಡಿ, ಈರೇಗೌಡ ಸೇರಿ ಬರೆದದ್ದು, ನೊದೆಕೊಪ್ಪಲು ಸುತ್ತಮುತ್ತ ತೆಗೆದದ್ದು, 2015ರಲ್ಲಿ ಲೊಕಾರ್ನೊದಲ್ಲಿ ಗೆದ್ದದ್ದು. ನಟಿಸಿದೋರು ಊರಿನ ಜನವೇ. ಸೆಂಚುರಿಗೌಡ ಸತ್ತ ದಿನದಿಂದ ಹನ್ನೊಂದನೇ ದಿನದ ತಿಥಿವರೆಗೆ ಕಥೆ. ಮಗ ಗಡ್ಡಪ್ಪ ಜಮೀನು ಗಿಮೀನು ಅಂದ್ರೆ ತಿರುಗೂ ನೋಡಲ್ಲ, ಮೊಮ್ಮಗ ತಮ್ಮಣ್ಣ ಕಾಗದ ಪತ್ರ ಹಿಡ್ಕಂಡು ಒದ್ದಾಡ್ತಾನೆ.

ಹಿನ್ನೆಲೆ ಸಂಗೀತ ಇಲ್ಲ. ಅದಕ್ಕೇ ಫೋನ್ ಸ್ಪೀಕರಲ್ಲಿ ನೋಡ್ಬೇಡಿ. ಕುರಿ, ಗಾಡಿ, ದೂರದ ಮೈಕು, ಅವೇ ಸಂಗೀತ. ಇಂಗ್ಲಿಷ್ ಸಬ್‌ಟೈಟಲ್ ಆಫ್ ಮಾಡೋಕಾದ್ರೆ ಮಾಡಿ. ಕಣ್ಣು ಕೆಳಗೆ ಓದ್ತಾ ಕೂತ್ರೆ ಗಡ್ಡಪ್ಪ ಮಾತಿಗೆ ಮುಂಚೆ ಎಷ್ಟೊತ್ತು ಸುಮ್ನಿರ್ತಾನೆ ಅನ್ನೋದು ತಪ್ಪೋಗುತ್ತೆ, ಸಬ್‌ಟೈಟಲ್ ಮೊದಲೇ ಹೇಳ್ಬಿಡುತ್ತೆ.

ಓದುಮನೆ

ಮೇಡಂ, ಸರ್, ಎಲ್ಲರಿಗೂ ಒಂದು ಪ್ರಶ್ನೆ. ಊರಿನ ಗ್ರಂಥಾಲಯದ ಹಾಲ್‌ನಲ್ಲಿ 40 ಜನರಿಗೆ ಈ ಪಟ್ಟಿಯಿಂದ ತಿಂಗಳಿಗೊಂದು ತೋರಿಸಬೇಕು. ಪ್ರೊಜೆಕ್ಟರ್ ಸಾಮಾನ್ಯ ಆಫೀಸಿನದು, 3000 ಲ್ಯೂಮೆನ್ ಅಂತ ಬರೆದಿದೆ. ಎಷ್ಟು ದೊಡ್ಡ ಪರದೆ ಹಾಕಬಹುದು?

ತುಂಗಾತೀರ

10 ಅಡಿ ಅಗಲ ಸಾಕು. 16:9ರಲ್ಲಿ ಎತ್ತರ 5.6 ಅಡಿ ಬರುತ್ತೆ. ಹಳೇ ಚಿತ್ರ ಅದರ ಮಧ್ಯೆ 7.7 ಅಡಿ ಅಗಲ ಕೂರುತ್ತೆ, ಎರಡೂ ಪಕ್ಕ ಕಪ್ಪು ಉಳಿಯುತ್ತೆ. ‘ಪರದೆ ಖಾಲಿ ಬಿಟ್ಟಿದ್ದೀರಿ’ ಅಂತ ಯಾರಾದರೂ ಹೇಳೇ ಹೇಳ್ತಾರೆ, ಝೂಮ್ ಮಾಡಬೇಡಿ. ಆ ಎರಡು ಪಟ್ಟಿಯ ಮೇಲೆ ಕಪ್ಪು ಬಟ್ಟೆ ಇಳಿಬಿಟ್ಟರೆ ತಕರಾರೇ ಬರಲ್ಲ.

ಬೆಳಕು: ಪರದೆಯ 56 ಚದರಡಿಗೆ ಸಿನಿಮಾ ಮಂದಿರದ ಮಟ್ಟದ ಬೆಳಕಿಗೆ ಸುಮಾರು 900 ಲ್ಯೂಮೆನ್ ಬೇಕು. ಡಬ್ಬಿ ಮೇಲಿನ 3000 ಅನ್ನೋದು ಅತಿ ಪ್ರಖರ, ಹಸಿರು ತಿರುಗಿದ ಮೋಡ್‌ನಲ್ಲಿ ಅಳೆದದ್ದು. ಸಿನಿಮಾ ಮೋಡ್ ಹಾಕಿ, ಬಲ್ಬ್ ಹಳೆಯದಾದರೆ ಅರ್ಧಕ್ಕೆ ಇಳಿದರೂ ಸಾಲುತ್ತೆ. ಸಾಲದಿರೋದು ಕತ್ತಲೆ. ಕಿಟಕಿ ಸಂದಿಯಿಂದ ಬರೋ ಬೆಳಕು ಪರದೆಯ ಕಪ್ಪನ್ನೇ ತಿನ್ನುತ್ತೆ. ಘಟಶ್ರಾದ್ಧ ಹಗಲು ಇಡಲೇಬೇಡಿ, ಸಂಜೆ ಏಳರ ಮೇಲೆ ಇಡಿ.

ದೂರ: ಮ್ಯಾನ್ಯುಯಲ್‌ನಲ್ಲಿ ‘ಥ್ರೋ ರೇಶಿಯೋ’ (ಪರದೆಯ ಅಗಲದ ಎಷ್ಟು ಪಟ್ಟು ದೂರ) ನೋಡಿ. 1.5 ಇದ್ದರೆ 10 ಅಡಿ ಪರದೆಗೆ 15 ಅಡಿ ದೂರ. ಮೇಜಿನ ಮೇಲಿಂದ ಓರೆಯಾಗಿ ಹಾಕಿ ಕೀಸ್ಟೋನ್‌ನಲ್ಲಿ ಸರಿಮಾಡಬೇಡಿ, ಚಿತ್ರ ಮಸುಕಾಗುತ್ತೆ. ಲೆನ್ಸ್ ಪರದೆಯ ಕೆಳ ಅಂಚಿನ ಮಟ್ಟಕ್ಕೆ ಬರೋ ಹಾಗೆ ಸ್ಟೂಲ್ ಇಡಿ.

ಧ್ವನಿ: ಮೋನೋ ಚಿತ್ರಕ್ಕೆ 12 ಇಂಚಿನ ಒಂದೇ ಪವರ್ಡ್ ಸ್ಪೀಕರ್, ಪರದೆಯ ಕೆಳಗೆ ಸರಿ ನಡುವೆ. ಹಾಲಿನ ನಾಲ್ಕು ಮೂಲೆಗೆ ನಾಲ್ಕು ಸ್ಪೀಕರ್ ಇಟ್ಟರೆ ಒಂದೇ ಮಾತು ನಾಲ್ಕು ಸಲ, ಬೇರೆ ಬೇರೆ ಹೊತ್ತಿಗೆ ಕಿವಿಗೆ ಬರುತ್ತೆ. ಟೈಲ್ಸ್ ನೆಲ ಆದರೆ ಜಮಖಾನ ಹಾಸಿ ಜನರನ್ನ ಅದರ ಮೇಲೇ ಕೂರಿಸಿ, ಪ್ರತಿಧ್ವನಿ ಅರ್ಧ ಅಲ್ಲೇ ಇಳಿಯುತ್ತೆ.

ಟಿಕೆಟ್ ಇಲ್ಲದಿದ್ದರೂ ಸಾರ್ವಜನಿಕ ಪ್ರದರ್ಶನಕ್ಕೆ ಹಕ್ಕುದಾರರ ಅನುಮತಿ ಲಿಖಿತವಾಗಿ ಬೇಕು. ಆ ಪತ್ರ ಕೇಳುವಾಗಲೇ ‘ನಿಮ್ಮ ಹತ್ತಿರ ಒಳ್ಳೇ ಪ್ರತಿ ಇದೆಯಾ’ ಅಂತಲೂ ಕೇಳಿ. ನೆಟ್‌ನಲ್ಲಿಲ್ಲದ ಪ್ರತಿ ಅವರ ಹಾರ್ಡ್‌ಡಿಸ್ಕ್‌ನಲ್ಲಿ ಇರಬಹುದು.

ಹುಬ್ಬಳ್ಳಿ ಮಂದಿ

ಒಂದಾನೊಂದು ಕಾಲದಲ್ಲಿ ಪ್ರತಿ ಒಂದ್ ಸಿಕ್ತು. ಕಾಡೆಲ್ಲಾ ಗುಲಾಬಿ ಕಾಣಾಕತ್ತೈತಿ, ಶಂಕರ್‌ನಾಗ್ ಮಾರಿ ಕೆಂಪ. ಟೀವಿ ಕೆಟ್ಟತೇನ್ರೀ?

ರೀಲುಡಬ್ಬಿ

ಟೀವಿ ಸರಿಯಾಗಿದೆ ಸರ್, ಪ್ರಿಂಟ್ ಮಾಸಿದೆ. ಆ ಕಾಲದ ಬಣ್ಣದ ಪ್ರಿಂಟ್‌ನಲ್ಲಿ ಮೂರು ವರ್ಣದ ಪದರ. ಸೆಕೆ, ತೇವದಲ್ಲಿಟ್ಟರೆ ಸಯಾನ್ ಅಂದರೆ ಹಸಿರು-ನೀಲಿಯದು ಮೊದಲು ಕರಗುತ್ತೆ, ಉಳಿಯೋದು ಕೆಂಪು-ಗುಲಾಬಿ. ಕಪ್ಪುಬಿಳುಪಿನಲ್ಲಿ ಚಿತ್ರ ಕಟ್ಟಿರೋದು ಬೆಳ್ಳಿ, ಅದಕ್ಕೆ 1970ರ ಸಂಸ್ಕಾರ ಎಷ್ಟೋ ಸಲ 1978ರ ಬಣ್ಣದ ಚಿತ್ರಕ್ಕಿಂತ ಗಟ್ಟಿಯಾಗಿ ಕಾಣುತ್ತೆ. ಆದರೆ ಬೆಳ್ಳಿ ಕೂತಿರೋ ಅಸಿಟೇಟ್ ಪಟ್ಟಿಯೂ ಕೊಳೆಯುತ್ತೆ. ಡಬ್ಬಿ ತೆರೆದಾಗ ವಿನೆಗರ್ ವಾಸನೆ ಬಂದರೆ ಅದು ಶುರುವಾಗಿದೆ ಅಂತ, ಆಮೇಲೆ ಫಿಲ್ಮ್ ಕುಗ್ಗಿ ಮುರುಟಿ ಸ್ಕ್ಯಾನರ್‌ಗೂ ಸಿಗಲ್ಲ. ಸತಿ ಸುಲೋಚನ (1934) ನಮ್ಮ ಮೊದಲ ವಾಕ್ಚಿತ್ರ, ಅದರ ಪ್ರಿಂಟೇ ಉಳಿದಿಲ್ಲ.

ಕರಗಿದ ಹಸಿರನ್ನ ಮನೆಯಲ್ಲಿ ತರಿಸೋಕಾಗಲ್ಲ. ಹ್ಯೂ ತಿರುಗಿಸಿದರೆ ಮುಖ ಹಸಿರಾಗುತ್ತೆ, ಕಾಡು ಹಾಗೇ ಇರುತ್ತೆ. ಸ್ಯಾಚುರೇಶನ್ ಕಾಲು ಭಾಗ ಇಳಿಸಿ, ಕಣ್ಣಿಗೆ ಹೊಡೆಯೋದು ನಿಲ್ಲುತ್ತೆ. ತೀರಾ ಕೆಟ್ಟಿದ್ದರೆ ಪೂರ್ತಿ ಸೊನ್ನೆ ಮಾಡಿ ಕಪ್ಪುಬಿಳುಪಾಗಿಯೇ ನೋಡಿ. ಕಾರ್ನಾಡರ ಕತ್ತಿವರಸೆಯ ದೃಶ್ಯಗಳು ಹಾಗೂ ನಿಲ್ಲುತ್ತವೆ.

ಇನ್ನೊಂದು, ಆ ಪ್ರತಿಯಲ್ಲಿ ಹೆಸರುಗಳು ಸರಿಯಾಗಿ ಓದೋಕೆ ಬರುತ್ತಾ? ಕಾಪಿರೈಟ್ ತಪ್ಪಿಸಲು ಎಡಬಲ ತಿರುಗಿಸಿ ಹಾಕಿದ ಅಪ್‌ಲೋಡ್‌ಗಳು ಬಹಳ. ಹೆಸರಿನ ಭಾಗ ಕಿತ್ತುಹಾಕಿದ್ದರೆ ಹೆಂಗಸರ ಸೆರಗು ನೋಡಿ. ಎಲ್ಲರದ್ದೂ ಬಲ ಹೆಗಲ ಮೇಲಿದ್ದರೆ, ಊಟ ಎಡಗೈಲಿ ಮಾಡ್ತಿದ್ದರೆ ಅದು ತಿರುಗಿಸಿದ್ದು. ವಿಎಲ್‌ಸಿಯ ವಿಡಿಯೋ ಎಫೆಕ್ಟ್ಸ್‌ನಲ್ಲಿ ‘ಫ್ಲಿಪ್ ಹಾರಿಜಾಂಟಲಿ’ ಹಾಕಿದರೆ ನೆಟ್ಟಗಾಗುತ್ತೆ.

ಬಾಲ್ಕನಿ ಟಿಕೆಟ್

ಆಯ್ತಪ್ಪ, ಕಸ್ತೂರಿ ನಿವಾಸ ಕಪ್ಪುಬಿಳುಪಲ್ಲೇ ಹಾಕ್ತೀನಿ. ಆದ್ರೆ ಪುಟ್ಟಣ್ಣನವರ ರಂಗನಾಯಕಿ (1981) ಯಾರ ಪಟ್ಟಿಯಲ್ಲೂ ಇಲ್ಲ ಅನ್ನೋದು ನನ್ನ ಮುಂದಿನ ಜಗಳ. ನಾನು ನೋಡಿದ ಎರಡು ಪ್ರತಿಯಲ್ಲೂ ಸರ್ಟಿಫಿಕೇಟ್ ಕಿತ್ತುಹಾಕಿದ್ದಾರೆ, ಒಂದಕ್ಕೊಂದು ಉದ್ದ ತಾಳೆ ಆಗ್ತಿಲ್ಲ. ಸರ್ಟಿಫಿಕೇಟ್ ಇರೋ ಪ್ರತಿ ಯಾರ ಹತ್ರ ಇದ್ರೂ ಮೀಟರ್ ಸಂಖ್ಯೆ ಇಲ್ಲಿ ಹಾಕಿ.